ಸಬ್ಬಕ್ಕಿ ಪುಡಿಯಲ್ಲಿ ಪಾವ್ ಜಿ ಕೇಜು ಯಾಕೆ ಉಬ್ಬಲ್ಲ, ಮರಗೆಣಸಿನಿಂದಲೇ ಹಿಟ್ಟು ತೆಗೆಯೋದು ಹೇಗೆ

ಸರ್, ಸಬ್ಬಕ್ಕಿ ಪುಡಿ ಮಾಡಿ ಬ್ರೆಜಿಲ್‌ನ ಚೀಸ್ ಉಂಡೆ (ಪಾವ್ ಜಿ ಕೇಜು) ಮಾಡಿದ್ರೆ ಕಲ್ಲಾಯ್ತು ಅಂತ ಬರೆದಿದ್ದೀರಿ. ತೋಟದಲ್ಲಿ ಮೂವತ್ತು ಬುಡ ಮರಗೆಣಸು ಇದೆ, ಅದರಲ್ಲೇ ಆಗುತ್ತಾ ಅಂತಲೂ ಕೇಳಿದ್ದೀರಿ. ಆಗುತ್ತೆ. ಎಡವಿದ್ದು ಓವನ್ನಲ್ಲಲ್ಲ, ಹಿಟ್ಟಿನಲ್ಲಿ.

ಸಬ್ಬಕ್ಕಿಯೂ ಮರಗೆಣಸಿನದ್ದೇ. ಆದರೆ ಕಾಳು ಕಟ್ಟಿಸುವಾಗ ಹುರಿದೋ ಆವಿಯಲ್ಲಿಟ್ಟೋ ಅದನ್ನು ಅರ್ಧ ಬೇಯಿಸಿರುತ್ತಾರೆ. ಒಮ್ಮೆ ಬೆಂದ ಪಿಷ್ಟವನ್ನು ಎಷ್ಟು ನುಣ್ಣಗೆ ಪುಡಿ ಮಾಡಿದ್ರೂ ಹಸಿ ಹಿಟ್ಟಿನ ಗುಣ ವಾಪಸ್ ಬರಲ್ಲ, ಅಂಟಂಟಾಗುತ್ತೆ, ಉಬ್ಬಲ್ಲ. ಗೆಣಸು ಒಣಗಿಸಿ ಬೀಸಿದ ಹಿಟ್ಟೂ ಬೇಡ, ಅದರಲ್ಲಿ ನಾರಿರುತ್ತೆ. ಬೇಕಾಗಿರೋದು ನೀರಲ್ಲಿ ತಳಕ್ಕೆ ಕೂರಿಸಿ ತೆಗೆದ ಹಸಿ ಪಿಷ್ಟ. ಬ್ರೆಜಿಲ್‌ನಲ್ಲಿ ಇದಕ್ಕೆ ಪೊಲ್ವಿಲ್ಯು ಅಂತಾರೆ.

ಮಲೆನಾಡಲ್ಲಿ ಕೂವೆ ಹಿಟ್ಟು ತೆಗೆಯೋದನ್ನು ನೋಡಿದ್ದರೆ ಇದೂ ಅದೇ ಕೆಲಸ. ಕಿತ್ತ ಗೆಣಸು ಎರಡು ಮೂರು ದಿನಕ್ಕೆ ಒಳಗೆ ನೀಲಿ ಗೆರೆ ಬಿದ್ದು ಕೆಡುತ್ತೆ, ಹಾಗಾಗಿ ಕಿತ್ತ ದಿನವೇ ಮಾಡಿ. ಹೊರಗಿನ ಕಂದು ಸಿಪ್ಪೆ, ಒಳಗಿನ ದಪ್ಪ ಸಿಪ್ಪೆ ಎರಡನ್ನೂ ತೆಗೆದು 5 ಕೆ.ಜಿ. ತುರಿದುಕೊಳ್ಳಿ. ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಚೆನ್ನಾಗಿ ಕಿವುಚಿ, ಬಿಳಿ ಪಂಚೆ ಬಟ್ಟೆಯಲ್ಲಿ ಹಿಂಡಿ. ತುರಿಗೆ ಮತ್ತೆ ನೀರು ಹಾಕಿ ಇನ್ನೆರಡು ಸಲ ಹಿಂಡಿ. ಹಾಲಿನಂಥ ಆ ನೀರನ್ನು ಐದಾರು ಗಂಟೆ ಅಲ್ಲಾಡಿಸದೆ ಬಿಟ್ಟರೆ ತಳದಲ್ಲಿ ಸುಣ್ಣದಂತೆ ಗಟ್ಟಿ ಕೂರುತ್ತೆ. ಮೇಲಿನ ನೀರು ಬಸಿದು, ಹೊಸ ನೀರಲ್ಲಿ ಕದಡಿ, ಮತ್ತೆ ಕೂರಿಸಿ. ಮೇಲ್ಪದರ ಬೂದು ಬಣ್ಣಕ್ಕಿದ್ದರೆ ಅಷ್ಟನ್ನು ಕೆರೆದು ಎಸೆಯಿರಿ. ಒಣಗಿದ ಮೇಲೆ ಮನೆಮಟ್ಟಿಗೆ ಮುಕ್ಕಾಲು ಕೆ.ಜಿ.ಯಿಂದ ಒಂದು ಕೆ.ಜಿ. ಸಿಗುತ್ತೆ.

ಬಸಿದ ನೀರು, ಸಿಪ್ಪೆ, ಎಲೆ ಯಾವುದನ್ನೂ ದನಕ್ಕೆ ಕೊಡಬೇಡಿ, ಕೊಟ್ಟಿಗೆ ಚರಂಡಿಗೂ ಬಿಡಬೇಡಿ. ಮರಗೆಣಸಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇದೆ, ಸಿಪ್ಪೆ ಎಲೆಗಳಲ್ಲಿ ಇನ್ನೂ ಜಾಸ್ತಿ. ಬ್ರೆಜಿಲ್‌ನವರು ಸಿಹಿ ತಳಿಯನ್ನಷ್ಟೇ ಬೇಯಿಸಿ ತಿಂತಾರೆ. ಕಹಿ ತಳಿಯನ್ನು ತುರಿದು, ಅಮೆಜಾನ್ ಸೀಮೆಯಲ್ಲಿ ತಿಪಿತಿ ಅನ್ನೋ ಉದ್ದನೆಯ ಹೆಣೆದ ಚೀಲದಲ್ಲಿ ಹಿಂಡಿ, ಹುರಿದು ಫರೀನ್ಯ ಅನ್ನೋ ತರಿ ಮಾಡ್ಕೋತಾರೆ. ಹಿಂಡಿದ ರಸವನ್ನೂ ಬಹಳ ಹೊತ್ತು ಕುದಿಸಿಯೇ ಅಡುಗೆಗೆ ಬಳಸೋದು. ಪಾರಾ ರಾಜ್ಯದ ಮನಿಸೋಬ ಅನ್ನೋ ಅಡುಗೆಗೆ ಎಲೆಯನ್ನು ಅರೆದು ಸುಮಾರು ಒಂದು ವಾರ ಕುದಿಸ್ತಾರೆ. ಸೊಪ್ಪಿನ ಪಲ್ಯದ ಹಾಗೆ ಹತ್ತು ನಿಮಿಷದಲ್ಲಿ ಇಳಿಸೋದಲ್ಲ ಅದು.

ಮೊದಲು ತಪಿಯೋಕ (ಇದೇ ಹಿಟ್ಟನ್ನು ಕಾವಲಿ ಮೇಲೆ ಉದುರಿಸಿ ಮಾಡೋ ಬ್ರೆಜಿಲ್ ರೊಟ್ಟಿ) ಮಾಡಿ ನೋಡಿ, ಹಿಟ್ಟು ಸರಿ ಬಂದಿದೆಯಾ ಅಂತ ಅಲ್ಲೇ ಗೊತ್ತಾಗುತ್ತೆ. ಒದ್ದೆ ಹಿಟ್ಟಿನ ಮೇಲೆ ಒಣ ಬಟ್ಟೆ ಹಾಸಿ ನೀರು ಹೀರಿಸಿ. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಚಿಟಿಕೆ ಉಪ್ಪು ಹಾಕಿ ಜರಡಿ ಹಿಡಿದು, ಎಣ್ಣೆ ಸವರದ ಬಿಸಿ ಕಾವಲಿ ಮೇಲೆ 3 ಮಿ.ಮೀ. ದಪ್ಪಕ್ಕೆ ಉದುರಿಸಿ. ನಿಮಿಷದೊಳಗೆ ಪುಡಿ ತಾನಾಗಿ ಕೂಡಿಕೊಂಡು ರೊಟ್ಟಿಯಾಗುತ್ತೆ. ತಿರುವಿ ಹಾಕಿ, ಕಾಯಿತುರಿ ಅಥವಾ ಚೀಸ್ ಇಟ್ಟು ಮಡಚಿ. ಕೂಡಿಕೊಳ್ಳದೆ ಉದುರಿದರೆ ನೀರು ಕಮ್ಮಿ. ಗಂಟುಗಂಟಾಗಿ ಅಂಟಿದರೆ ಜಾಸ್ತಿ.

ಇನ್ನು ಪಾವ್ ಜಿ ಕೇಜು, ಮೀನಸ್ ಜೆರಾಯ್ಸ್ ರಾಜ್ಯದ್ದು. (ಪಾವ್ ಅಂದ್ರೆ ನಮ್ಮ ಪಾವ್ ಭಾಜಿಯ ಪಾವ್‌ನ ಮೂಲ ಪದವೇ.) ಒಣ ಹಿಟ್ಟು 500 ಗ್ರಾಂ, ಹಾಲು 250 ಮಿ.ಲೀ., ಎಣ್ಣೆ 100 ಮಿ.ಲೀ., ಮೊಟ್ಟೆ 2, ತುರಿದ ಚೀಸ್ 200 ಗ್ರಾಂ, ಉಪ್ಪು ಒಂದು ಚಮಚ. ಚೀಸೇ ಉಪ್ಪಾಗಿದ್ದರೆ ಅರ್ಧ ಸಾಕು. ಹಾಲು, ಎಣ್ಣೆ, ಉಪ್ಪು ಕುದಿಸಿ, ಕುದಿಯುತ್ತಿರುವಾಗಲೇ ಹಿಟ್ಟಿಗೆ ಸುರಿಯಿರಿ. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುವ ಲೆಕ್ಕವೇ. ಬೆಚ್ಚಗಿನ ಹಾಲು ಹಾಕಿದ್ರೆ ಹಿಟ್ಟು ಕೂಡಿಕೊಳ್ಳದೆ ಉಂಡೆ ಚಪ್ಪಟೆಯಾಗುತ್ತೆ. ಕೈ ತಾಳುವಷ್ಟು ಆರಿದ ಮೇಲೆ ಮೊಟ್ಟೆ ಒಂದೊಂದಾಗಿ ಹಾಕಿ. ಮೊದಲನೆಯದು ಬೆರೆತ ಮೇಲೆ ಎರಡನೆಯದರಲ್ಲಿ ಬೇಕಾದಷ್ಟೇ. ಸಡಿಲವಾದ್ರೆ ಅಲ್ಲಿಗೆ ನಿಲ್ಲಿಸಿ. ಕೊನೆಗೆ ಚೀಸ್. ಪನೀರ್ ಹಾಕಬೇಡಿ, ಕರಗಲ್ಲ. ಅರ್ಧ ಮೊಝರೆಲ್ಲಾ, ಅರ್ಧ ಗಟ್ಟಿ ಹಳೇ ಚೀಸ್ ಒಳ್ಳೆಯದು. ಕೈಗೆ ಎಣ್ಣೆ ಸವರಿ ನಿಂಬೆಗಿಂತ ಸಣ್ಣ ಉಂಡೆ ಕಟ್ಟಿ, ಮೊದಲೇ ಕಾದ ಓವನ್ನಲ್ಲಿ 200 ಡಿಗ್ರಿಗೆ 20–25 ನಿಮಿಷ. ಹದಿನೈದು ನಿಮಿಷದವರೆಗೆ ಬಾಗಿಲು ತೆಗೆಯಬೇಡಿ, ಕುಸಿಯುತ್ತೆ.

ಮೇಲೆ ಹೇಳಿದ ಹಿಟ್ಟು ಪೊಲ್ವಿಲ್ಯು ದೋಸಿ. ದೋಸಿ ಅಂದ್ರೆ ಸಿಹಿ, ದೋಸೆಗೂ ಅದಕ್ಕೂ ಸಂಬಂಧ ಇಲ್ಲ! ಇದರಲ್ಲಿ ಉಂಡೆ ಮೆತ್ತಗೆ, ಎಳೆದರೆ ಜಗ್ಗುವ ಹಾಗೆ ಬರುತ್ತೆ. ಒಳಗೆ ಪೊಳ್ಳಾಗಿ, ಹೊರಗೆ ಗರಿಗರಿಯಾಗಿ ಬೇಕಿದ್ದರೆ ಅರ್ಧದಷ್ಟು ಅಝೇದು, ಅಂದರೆ ಹುಳಿ ಹಿಟ್ಟು ಬೇಕು. ಒದ್ದೆ ಪಿಷ್ಟದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ 20ರಿಂದ 40 ದಿನ ಹುದುಗಿಸಿ, ನಂತರ ಬಿಸಿಲಲ್ಲೇ ಒಣಗಿಸಬೇಕು. ಹುಳಿ ಮತ್ತು ಬಿಸಿಲು ಎರಡೂ ಸೇರಿದರೇ ಆ ಉಬ್ಬುವ ಗುಣ ಬರೋದು. ಡ್ರೈಯರ್‌ನಲ್ಲಿ ಒಣಗಿಸಿದ್ದು ಹುಳಿ ಇದ್ದರೂ ಉಬ್ಬಲ್ಲ. ಹಾಗಾಗಿ ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಬೇಡಿ. ಹುಳಿ ಮೊಸರಿನ ವಾಸನೆ ಸರಿ. ಕಪ್ಪು ಅಥವಾ ಗುಲಾಬಿ ಬೂಸ್ಟು ಕಂಡರೆ ಪೂರ್ತಿ ಚೆಲ್ಲಿ.

ಮಿಕ್ಕಿದ ಹಸಿ ಉಂಡೆಗಳನ್ನು ಫ್ರೀಜರ್‌ನಲ್ಲಿಡಬಹುದು. ಬೇಕಾದಾಗ ಕರಗಿಸದೆ ನೇರ ಓವನ್‌ಗೆ ಹಾಕಿ, ಐದು ನಿಮಿಷ ಜಾಸ್ತಿ ಕೊಡಿ.