ಬಾವಲಿಯಂತೆ ಪ್ರತಿಧ್ವನಿಯನ್ನು ನಂಬಿ ಕತ್ತಲಲ್ಲಿ ಹಾರುವ ಹಕ್ಕಿ ಇದೆಯೇ?

ಇದೆ. ದಕ್ಷಿಣ ಅಮೆರಿಕದ ಉತ್ತರ ಭಾಗದ ಗುಹೆಗಳಲ್ಲಿ ಗೂಡುಕಟ್ಟುವ, ಅಲ್ಲಿನವರು ಗ್ವಾಚರೊ ಎಂದೂ ಇಂಗ್ಲಿಷಿನವರು ಆಯಿಲ್‌ಬರ್ಡ್ ಎಂದೂ ಕರೆಯುವ ಹಕ್ಕಿ ಇಂಥದ್ದು. ಗುಹೆಯ ಕಗ್ಗತ್ತಲಲ್ಲಿ ಹಾರುವಾಗ ಅದು ಸತತವಾಗಿ ಟಿಕ್ ಟಿಕ್ ಸದ್ದು ಹೊರಡಿಸಿ, ಗೋಡೆಗೆ ಬಡಿದು ಮರಳುವ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತದೆ. ಬಹುತೇಕ ಬಾವಲಿಗಳ ಸದ್ದು ನಮಗೆ ಕೇಳಿಸದಿದ್ದರೂ ಇದರ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಬೇಟೆಗಾಗಿ ಅದಕ್ಕೆ ಈ ವಿದ್ಯೆ ಬೇಕಿಲ್ಲ, ಏಕೆಂದರೆ ಅದು ರಾತ್ರಿ ಹೊರಬಂದು ತಿನ್ನುವುದು ತಾಳೆ, ಲಾರೆಲ್ ಮುಂತಾದ ಜಾತಿಯ ಮರಗಳ ಎಣ್ಣೆಯಂಶವುಳ್ಳ ಹಣ್ಣುಗಳನ್ನು ಮಾತ್ರ. ಅದೇ ಆಹಾರದಿಂದ ಬೆಳೆದ ಮರಿಗಳು ತಂದೆತಾಯಿಗಿಂತಲೂ ಭಾರವಾಗಿರುತ್ತವೆ. ಪಾಪ, ಆ ಕೊಬ್ಬಿಗಾಗಿಯೇ ಜನ ಅವುಗಳನ್ನು ಹಿಡಿದು, ಕರಗಿಸಿ, ಅಡುಗೆಗೂ ದೀಪಕ್ಕೂ ಎಣ್ಣೆ ತೆಗೆಯುತ್ತಿದ್ದರು. ವೆನೆಜುವೆಲಾದ ಕರಿಪೆ ಬಳಿಯ ಗುಹೆಯಲ್ಲಿ 1799ರಲ್ಲಿ ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ಈ ಹಕ್ಕಿಗಳನ್ನು ಕಂಡು ವಿವರಿಸಿದನು. ಪ್ರತಿಧ್ವನಿಯ ಈ ವಿದ್ಯೆ ನಮ್ಮ ಪಶ್ಚಿಮ ಘಟ್ಟದ ಸ್ವಿಫ್ಟ್‌ಲೆಟ್ ಹಕ್ಕಿಗೂ ತಿಳಿದಿದೆ.