ಬೇಲಿ ದಾಟಿ ಬರುವ ಬೆಕ್ಕು

ಓದುಗರ ಪತ್ರ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿ ಮನೆ. ಒಂದೂವರೆ ತಿಂಗಳಿಂದ ಒಂದು ಬೆಕ್ಕು ದಿನಾ ಸಂಜೆ ಕೊಟ್ಟಿಗೆ ಹಿಂದೆ ಬಂದು ಕೂರುತ್ತದೆ. ಬಿಳಿ, ಕಪ್ಪು, ಕೆಂಪು ಮೂರೂ ಬಣ್ಣ ಇದೆ. ಬೆನ್ನುಮೂಳೆ ಎಣಿಸಬಹುದು, ಹೊಟ್ಟೆ ಮಾತ್ರ ಉಬ್ಬಿದೆ. ಕಿವಿಯಲ್ಲಿ ಗಾಯ, ಮೈಮೇಲೆ ಉಣುಗು. ನಾನು ಗುಂಡಣ್ಣ ಅಂತ ಕರೆಯುತ್ತೇನೆ. ತೋಟದ ಕೆಳಗಿನ ಮನೆಯವರದ್ದು ಇರಬಹುದು. ಬೇಲಿ ವಿಷಯಕ್ಕೆ ಅವರಿಗೂ ನಮಗೂ ಮಾತು ನಿಂತು ಎರಡು ವರ್ಷ. 'ಕಂಡವರ ಬೆಕ್ಕಿಗೆ ಅನ್ನ ಹಾಕಿ ಜಗಳ ತರಬೇಡ' ಅನ್ನುತ್ತಾರೆ ಅತ್ತೆ. ನಮ್ಮ ಮನೆಯಲ್ಲಿ ಮೀನು, ಮಾಂಸ ಇಲ್ಲ. ಊಟ ಹಾಕಲೇ? ಡಾಕ್ಟರ ಹತ್ತಿರ ಒಯ್ಯಲೇ? ಸುಮ್ನೆ ನಾವೇ ಇಟ್ಟುಕೊಂಡುಬಿಡಲೇ? ಸಾಕಿದವರು ಹೀಗೆ ಉಪವಾಸ ಕೆಡವಿದರೆ ಕಾನೂನು ಏನನ್ನುತ್ತದೆ? (ಪತ್ರವನ್ನು ಚಿಕ್ಕದು ಮಾಡಿದೆ. ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಅಕ್ಕ, ನಿಮ್ಮ ಪತ್ರದಲ್ಲಿ ಬೆಕ್ಕಿನ ಸುದ್ದಿ ಎರಡು ಪುಟ ಇದೆ, ಬೇಲಿಯ ಸುದ್ದಿ ಒಂದೇ ಸಾಲು. ತೊಡಕು ಇರುವುದು ಆ ಒಂದು ಸಾಲಿನಲ್ಲೇ ಅನ್ನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಊಟ. ಹಾಕಿ. ಇವತ್ತು ಸಂಜೆಯೇ ಹಾಕಿ. ಹಸಿದ ಬೆಕ್ಕಿಗೆ ಒಂದು ಹಿಡಿ ಹಾಕಿದರೆ ಯಾರ ಬೆಕ್ಕನ್ನೂ ಕದ್ದಂತೆ ಆಗುವುದಿಲ್ಲ. ಆದರೆ ಹಾಲು ಬೇಡ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ. ಕಣ್ಣು ಮುಚ್ಚಿ ಕುಡಿಯುವುದೇನೋ ನಿಜ, ಮಾರನೇ ದಿನ ಭೇದಿ. ಮೊದಲೇ ಬಡಕಲು ಮೈ, ಇದ್ದ ನೀರೂ ಹೋಗುತ್ತದೆ. ಒಂದು ಅಗಲ ಬಟ್ಟಲಲ್ಲಿ ನೀರಿಡಿ. ನಿಮ್ಮ ಮನೆಯಲ್ಲಿ ಮೀನು, ಮಾಂಸ ಇಲ್ಲ ಎಂದು ಬರೆದಿದ್ದೀರಿ. ಬೆಕ್ಕು ಮಾತ್ರ ಹುಟ್ಟಾ ಮಾಂಸಾಹಾರಿ. ಬರೀ ಮೊಸರನ್ನದಲ್ಲಿ ಅದರ ಕಣ್ಣು, ಹೃದಯ ಎರಡೂ ಸೊರಗುತ್ತವೆ. ಪೇಟೆಯಲ್ಲಿ ಸಿಗುವ ಬೆಕ್ಕಿನ ಆಹಾರದ ಪ್ಯಾಕೆಟ್ ಒಂದು ತಂದಿಟ್ಟುಕೊಳ್ಳಿ, ಅಡುಗೆಮನೆಗೆ ಮೈಲಿಗೆಯೂ ಆಗಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಯಾವುದನ್ನೂ ಹಾಕಬೇಡಿ.

ಇನ್ನು 'ಇಟ್ಟುಕೊಂಡುಬಿಡಲೇ' ಅನ್ನೋ ಪ್ರಶ್ನೆ. ಇದಕ್ಕೆ ನನ್ನದೇ ಒಂದು ಪೆಚ್ಚುತನದ ಕತೆ ಹೇಳುತ್ತೇನೆ.

ಬಹಳ ವರ್ಷದ ಹಿಂದೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಒಂದು ಬಿಳಿ ಬೆಕ್ಕು ಬರತೊಡಗಿತು. ಚರ್ಮದೊಳಗೆ ಮೂಳೆ ಅಲುಗಾಡುವುದು ಕಾಣುತ್ತಿತ್ತು. ಯಾರೋ ಕಟುಕರು ಉಪವಾಸ ಕೆಡವಿದ್ದಾರೆ ಎಂದು ನಾನೇ ತೀರ್ಪು ಕೊಟ್ಟು ಅದನ್ನು ಒಳಗೆ ಕೂಡಿಹಾಕಿದೆ. ನಾಲ್ಕು ದಿನ ಒಣಮೀನು ಹುರಿದು ಹುರಿದು ಹಾಕಿದೆ. ಐದನೇ ದಿನ ಬೆಳಿಗ್ಗೆ ಹಿಂದಿನ ರಸ್ತೆಯ ಅಜ್ಜಿಯೊಬ್ಬರು ಸ್ಟೀಲ್ ಬಟ್ಟಲಿಗೆ ಚಮಚ ಬಡಿಯುತ್ತಾ ಬಂದರು. ಆ ಸದ್ದಿಗೆ ಬೆಕ್ಕು ಕಿಟಕಿ ಹತ್ತಿ ಕೂಗಿತು. ಅದಕ್ಕೆ ಹದಿನೈದು ವರ್ಷ, ಕಿಡ್ನಿ ಕಾಯಿಲೆ. ಡಾಕ್ಟರು ಹೇಳಿದ ಪಥ್ಯ ಬಿಟ್ಟು ಬೇರೇನೂ ಕೊಡುವಂತಿಲ್ಲ. ನಾನು ಉಪ್ಪು ತುಂಬಿದ ಮೀನು ತಿನ್ನಿಸಿದ್ದೆ. ಅಜ್ಜಿ ಬೈಯಲಿಲ್ಲ. "ಉಚ್ಚೆ ಸರಿಯಾಗಿ ಹೊಯ್ತಾ ಇದ್ಯಾ?" ಅಂತ ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ. ನೋಡೇ ಇರಲಿಲ್ಲ.

ಹಾಗಾಗಿ ಬಡಕಲಾಗಿದೆ ಅಂದ ಮಾತ್ರಕ್ಕೆ ದಿಕ್ಕಿಲ್ಲದ್ದು ಎಂದು ತೀರ್ಮಾನಿಸಬೇಡಿ. ವಯಸ್ಸಾದ ಬೆಕ್ಕಿಗೆ ಥೈರಾಯ್ಡ್ ಜಾಸ್ತಿಯಾದರೆ ಎಷ್ಟು ತಿಂದರೂ ಸಣ್ಣಗಾಗುತ್ತಲೇ ಹೋಗುತ್ತದೆ. ಹೊಟ್ಟೆಯಲ್ಲಿ ಹುಳ ಇದ್ದರೂ ಹಾಗೇ. ಇನ್ನೊಂದು, ನಮ್ಮ ಮಲೆನಾಡಿನ ಮನೆಗಳಲ್ಲಿ ಬೆಕ್ಕು ಸಾಕುವ ಕ್ರಮವೇ ಬೇರೆ ಅಲ್ವಾ? ಅಟ್ಟದ ಇಲಿಗೆ ಅಂತ ಇಟ್ಟುಕೊಳ್ಳುತ್ತಾರೆ. ಹೊಟ್ಟೆ ತುಂಬ ಹಾಕಿದರೆ ಇಲಿ ಹಿಡಿಯಲ್ಲ ಅಂತ ನಂಬಿಕೆ. ಅದು ತಪ್ಪು, ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಆದರೆ ಹಾಗೆ ನಂಬಿದವರೆಲ್ಲ ಕ್ರೂರಿಗಳೇನೂ ಅಲ್ಲ. ಅವರ ಅಜ್ಜನೂ ಹಾಗೇ ಸಾಕಿದ್ದರು, ಅಷ್ಟೆ.

ಬೆಕ್ಕಿಗೆ ಮನೆ ಇದೆಯೋ ಇಲ್ಲವೋ ಎಂದು ಅದರ ಮೈ ನೋಡಿದರೆ ಸುಮಾರಿಗೆ ಗೊತ್ತಾಗುತ್ತದೆ. ಮೀಸೆ ನೋಡಿ. ತುದಿ ಸುಟ್ಟು ಸುರುಟಿಕೊಂಡಿದೆಯೇ? ಹೊಟ್ಟೆಯ ಬಿಳಿ ಕೂದಲು ಬೂದಿ ಬಣ್ಣಕ್ಕೆ ತಿರುಗಿದೆಯೇ? ಹಾಗಿದ್ದರೆ ಅದು ಯಾರದೋ ಬಚ್ಚಲ ಒಲೆಯಲ್ಲಿ ರಾತ್ರಿ ಮಲಗುತ್ತಿದೆ. ಒಲೆಗೂಡಿನವರೆಗೆ ಹೋಗಲು ಸಲಿಗೆ ಇರುವುದು ಮನೆಯ ಬೆಕ್ಕಿಗೇ. ಈಗ ಅಡಿಕೆ ಸುಲಿಯುವ ಹೊತ್ತು, ಪಾದಕ್ಕೆ ಅಡಿಕೆ ಬೇಯಿಸಿದ ಚೊಗರಿನ ಕೆಂಪು ಹತ್ತಿದ್ದರೆ ಬೇಯಿಸುವ ಮನೆಯಿಂದಲೇ ಬಂದಿದೆ. ಕಿವಿಯ ಗಾಯದ ಸುತ್ತ ಅರಿಶಿನದ ಕಲೆ ಇದ್ದರಂತೂ ಕೇಳುವುದೇ ಬೇಡ, ಯಾರೋ ಹಚ್ಚಿದ್ದಾರೆ. ಒಂದು ಕಿವಿಯ ತುದಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರವಾಗಿದ್ದರೆ ಅದು ಗಾಯ ಅಲ್ಲ, ಸಂತಾನಹರಣ ಆಪರೇಷನ್ ಆಗಿದೆ ಎಂಬ ಗುರುತು.

ಆಮೇಲೆ ಒಂದು ಚೀಟಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಗಾದೆ ಇದೆಯಲ್ಲ, ನೀವು ಗಂಟೆ ಬಿಟ್ಟು ಕಾಗದ ಕಟ್ಟಿ. ನೋಟ್‌ಬುಕ್ಕಿನ ಹಾಳೆಯಿಂದ ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿ, ಬಾಲ್‌ಪೆನ್ನಿನಲ್ಲಿ ಬರೆಯಿರಿ: 'ಈ ಬೆಕ್ಕು ಸಂಜೆ ನಮ್ಮಲ್ಲಿಗೆ ಬರುತ್ತದೆ. ಕಿವಿಗೆ ಗಾಯ ಇದೆ. ನಿಮ್ಮದಾದರೆ ಫೋನ್ ಮಾಡಿ.' ಕೆಳಗೆ ನಂಬರ್. ಕುತ್ತಿಗೆಗೆ ಸುತ್ತಿ ತುದಿಗೆ ಟೇಪ್ ಅಂಟಿಸಿ, ಎರಡು ಬೆರಳು ಸಲೀಸಾಗಿ ತೂರಬೇಕು. ದಾರ ಕಟ್ಟಲೇಬೇಡಿ. ಬೇಲಿಗೆ ಸಿಕ್ಕಿದರೆ ಕಾಗದ ಹರಿಯುತ್ತದೆ, ದಾರ ಕುತ್ತಿಗೆ ಬಿಗಿಯುತ್ತದೆ. ಮಾರನೇ ದಿನ ಚೀಟಿ ಇಲ್ಲದೆ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನೊಂದು ಕಟ್ಟಿ. ಹತ್ತಿರ ಬರಲು ಬಿಡದಿದ್ದರೆ ಮಾತ್ರ ಹಿಡಿಯಲು ಹೋಗಬೇಡಿ. ಪರಚಿದರೂ ಕಚ್ಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಅಂತ ಇನ್ನೂ ಎಷ್ಟೋ ಜನ ತಿಳಿದಿದ್ದಾರೆ.

ಈಗ ಬೇಲಿ. ಚೀಟಿ ಕಟ್ಟಿದ್ದೇನೆ, ಇನ್ನು ಮಾತಾಡುವುದು ಯಾಕೆ ಎಂದು ನೀವು ಜಾರಿಕೊಳ್ಳಬಹುದು. ಜಾರಬೇಡಿ. ನೀವು ಹೋಗುವುದು ಕಷ್ಟವಾದರೆ ಅತ್ತೆಯವರನ್ನು ಕಳಿಸಿ. ಹಳೇ ತಲೆಗಳ ನಡುವೆ ಮಾತು ಪೂರ್ತಿ ನಿಂತಿರುವುದಿಲ್ಲ, ದೇವಸ್ಥಾನದಲ್ಲೋ ಮದುವೆ ಮನೆಯಲ್ಲೋ ಒಂದೆರಡು ಆಡಿಯೇ ಇರುತ್ತಾರೆ. 'ನಿಮ್ಮ ಬೆಕ್ಕಿಗೆ ಊಟ ಹಾಕಲ್ವಾ' ಅಂತ ಶುರು ಮಾಡಿದರೆ ಇನ್ನೂ ಎರಡು ವರ್ಷ ಮಾತು ಬಿಟ್ಟ ಹಾಗೆ. 'ಒಂದು ಮೂರು ಬಣ್ಣದ ಬೆಕ್ಕು ಬರ್ತಿದೆ, ನಿಮ್ಮದೇನಾದ್ರೂ ಕಾಣೆಯಾಗಿದ್ಯಾ?' ಅಂತ ಕೇಳಲಿ. ಹೌದು ಅಂದರೆ 'ನಾವು ಡಾಕ್ಟರಿಗೆ ತೋರಿಸ್ಲಾ, ನೀವೇ ತೋರಿಸ್ತೀರಾ' ಅನ್ನಲಿ. ನಮ್ಮದಲ್ಲ ಅಂದರೆ ಆಚೀಚೆ ನಾಲ್ಕು ಮನೆ, ಹಾಲಿನ ಡೈರಿ, ಅಂಗಡಿಯಲ್ಲಿ ವಿಚಾರಿಸಿ, ಎರಡು ವಾರ ಕಾಯಿರಿ. ಯಾರೂ ಬರದಿದ್ದರೆ ಆಗ ಒಳಗೆ ಕರೆದುಕೊಳ್ಳಿ.

ಕಾನೂನಿನ ಮಾತೂ ಕೇಳಿದ್ದೀರಿ. ಸಾಕಿದ ಪ್ರಾಣಿಗೆ ಅನ್ನ ನೀರು ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ನೀವು ಸ್ಟೇಷನ್ನಿಗೆ ಹೋಗಿಬರುವ ಆಟೋ ಬಾಡಿಗೆಯೇ ಅದಕ್ಕಿಂತ ಜಾಸ್ತಿ.

ಡಾಕ್ಟರ ವಿಷಯದಲ್ಲಿ ಮಾತ್ರ ಎರಡು ವಾರ ಕಾಯಬೇಡಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ತೋರಿಸಿ. ದೊಡ್ಡ ತೊಂದರೆ ಇದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಗೋಣಿಚೀಲದಲ್ಲಿ ತುಂಬಿ ಒಯ್ಯಬೇಡಿ, ಹೆಡಿಗೆಯಲ್ಲಿ ಹಳೇ ಸೀರೆ ಹಾಸಿ, ಮೇಲೆ ಇನ್ನೊಂದು ಹೆಡಿಗೆ ಕವುಚಿ ಕಟ್ಟಿ. ಊಟ ಪೂರ್ತಿ ಬಿಟ್ಟರೆ, ಒಸಡು ಬಿಳಿಚಿದರೆ ಅಥವಾ ಹಳದಿಯಾದರೆ ಅವತ್ತೇ ಹೊರಡಿ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್ ಕೆಡತೊಡಗುತ್ತದೆ.

ಮನೆಮದ್ದು ಅಂತ ಮಾತ್ರೆ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು, ಅದರ ಲಿವರಿಗೆ ಆ ಮದ್ದನ್ನು ಕರಗಿಸುವ ಶಕ್ತಿ ಇಲ್ಲ. ನಾಯಿಯ ಉಣುಗಿಗೆ ಹಾಕುವ ಔಷಧಿಯೂ ಬೇಡ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ. ಮಂಗನ ಕಾಯಿಲೆ ಬರದಿರಲಿ ಅಂತ ಆರೋಗ್ಯ ಇಲಾಖೆ ಕೊಡುವ ಎಣ್ಣೆ ನಮ್ಮ ಕೈಕಾಲಿಗೆ, ಮೈ ನೆಕ್ಕಿಕೊಳ್ಳುವ ಪ್ರಾಣಿಗಲ್ಲ. ಆದರೆ ಉಣುಗನ್ನು ಹಗುರವಾಗಿಯೂ ತೆಗೆದುಕೊಳ್ಳಬೇಡಿ. 1957ರಲ್ಲಿ ಆ ಕಾಯಿಲೆ ಮೊದಲು ಕಂಡದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣುಗಿನಿಂದ. ಕಾಡು ಸುತ್ತಿ ಬಂದ ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಔಷಧಿ ಹಾಕಿಸಿದ ಮೇಲೆ ಇರಲಿ. ಉಣುಗನ್ನು ಉಗುರಿನಲ್ಲಿ ಒಡೆಯಬೇಡಿ.

ಒಂದು ಮಾತು ಉಳಿಯಿತು. ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ. ಕೆಂಪು ಬಣ್ಣದ ಗುಣ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಕಪ್ಪೂ ಕೆಂಪೂ ಒಟ್ಟಿಗೆ ಬರಬೇಕಾದರೆ ಅಂಥವು ಎರಡು ಬೇಕು, ಎರಡಿರುವುದು ಹೆಣ್ಣಿಗೆ. ಹೊಟ್ಟೆ ಉಬ್ಬಿದ್ದು ಹುಳದಿಂದ ಇರಬಹುದು, ಬಸಿರೂ ಇರಬಹುದು. ಬೆಕ್ಕು ಗಬ್ಬ ಹೊರುವುದು ಸುಮಾರು 65 ದಿನ. ಹೊಟ್ಟೆ ಒತ್ತಿ ನೋಡಬೇಡಿ, ಮೊಲೆತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ದೊಡ್ಡದಾಗಿದೆಯೇ ನೋಡಿ. ಹೌದಾದರೆ ಹುಳದ ಔಷಧಿಗೂ ಉಣುಗಿನ ಔಷಧಿಗೂ ಮೊದಲೇ ಡಾಕ್ಟರಿಗೆ ಹೇಳಿ. ಅಟ್ಟದಲ್ಲೋ ಹುಲ್ಲಿನ ಗೊಣಬೆಯಲ್ಲೋ ಜಾಗ ಹುಡುಕತೊಡಗಿದ್ದರೆ, ಒಂದು ರಟ್ಟಿನ ಪೆಟ್ಟಿಗೆ ಇಟ್ಟುಬಿಡಿ. ಕೆಳಗಿನ ಮನೆಗೆ ಅತ್ತೆಯವರನ್ನು ಈ ವಾರವೇ ಕಳಿಸಿ. ಮರಿ ಹಾಕಿದ ಮೇಲೆ ಹೋದರೆ ಕೇಳಬೇಕಾದ್ದು ಒಂದು ಬೆಕ್ಕಿನ ವಿಷಯ ಆಗಿರಲ್ಲ, ಐದರದ್ದು.

ಮತ್ತೆ ಗುಂಡಣ್ಣನಿಗೆ ಬೇರೆ ಹೆಸರು ಹುಡುಕಿ.