ಓದುಗರ ಪ್ರಶ್ನೆ, ನಮ್ಮ ಉತ್ತರ: ರೂಪ ಬದಲಾಗುವ ವಿಧಿ

ಈ ಸಲ ಬಂದ ಕಾಗದಗಳಲ್ಲಿ ಮೊದಲು ಕೈಗೆ ಸಿಕ್ಕಿದ್ದು ಕಾದಂಬರಿ ಬರೆಯುತ್ತಿರುವ ಓದುಗರೊಬ್ಬರದು. ಅದೇ ವಿಷಯಕ್ಕೆ ಹತ್ತಿರವಾದ ಇನ್ನೂ ನಾಲ್ಕು ಪ್ರಶ್ನೆಗಳು ಕಟ್ಟಿನಲ್ಲಿದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕಲ್ಪಿತ ರಾಜ್ಯವೊಂದರ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ರಾಜಕುಮಾರಿಯೊಬ್ಬಳು ಮಾಂತ್ರಿಕ ವಿಧಿಯಿಂದ ಗಂಡಾಗುತ್ತಾಳೆ. ಹೋಮ, ಮಂಡಲ, ನೀಲಿ ಜ್ವಾಲೆ ಎಲ್ಲವನ್ನೂ ಸೇರಿಸಿ 12 ಪುಟ ಬರೆದೆ. ಓದಿದ ಗೆಳತಿ, “ಚೆನ್ನಾಗಿದೆ, ಆದರೆ ಏನೂ ಆದಂತೆ ಅನ್ನಿಸಲಿಲ್ಲ” ಎಂದಳು. ಎಲ್ಲಿ ತಪ್ಪಿದೆ? ನಮ್ಮ ಹಳೆಯ ಕತೆಗಳು ಇದನ್ನು ಹೇಗೆ ಹೇಳಿವೆ?
(ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಗೆಳತಿಯ ಮಾತು ನಿಜವಿರಬೇಕು. ನೀವು 12 ಪುಟ ಹಿಡಿಸಿರುವ ಘಟನೆಯನ್ನು ಮಹಾಭಾರತದ ಉದ್ಯೋಗಪರ್ವ ಒಂದೆರಡು ಶ್ಲೋಕಗಳಲ್ಲಿ ಮುಗಿಸುತ್ತದೆ. ಅದಕ್ಕೆ ಮೊದಲು ನಡೆದದ್ದಕ್ಕೂ ಆಮೇಲೆ ನಡೆದದ್ದಕ್ಕೂ ಮಾತ್ರ ಅಧ್ಯಾಯಗಳನ್ನೇ ಕೊಡುತ್ತದೆ.

ಕಾಶಿಯ ಅಂಬೆ ಭೀಷ್ಮನ ಮೇಲಿನ ಹಗೆಯಿಂದ ಬೆಂಕಿಗೆ ಬಿದ್ದು ದ್ರುಪದನ ಮನೆಯಲ್ಲಿ ಮತ್ತೆ ಹುಟ್ಟಿದ ಕತೆ ನಿಮಗೆ ಗೊತ್ತಿರುತ್ತದೆ. ಗಂಡುಮಗ ಬೇಕೆಂದು ಶಿವನನ್ನು ಬೇಡಿದ್ದ ದ್ರುಪದನಿಗೆ ಸಿಕ್ಕ ವರ, ಹೆಣ್ಣಾಗಿ ಹುಟ್ಟಿ ಮುಂದೆ ಗಂಡಾಗುವ ಮಗು. ಆ ಮಾತನ್ನೇ ನಂಬಿಕೊಂಡು ರಾಣಿ ಮಗುವನ್ನು ಗಂಡೆಂದು ಸಾರಿಸಿದಳು. ಜಾತಕರ್ಮವೂ ಗಂಡುಮಗುವಿನದೇ ನಡೆಯಿತು. ದಶಾರ್ಣದ ದೊರೆ ಹಿರಣ್ಯವರ್ಮನ ಮಗಳನ್ನು ತಂದು ಮದುವೆಯನ್ನೂ ಮಾಡಿದರು. ಗುಟ್ಟು ತಿಳಿದ ಸೊಸೆ ದಾದಿಯರಿಗೆ ಹೇಳಿದಳು, ಅವರು ತವರಿಗೆ ಹೇಳಿಕಳುಹಿಸಿದರು, ಮೋಸಹೋದೆನೆಂದು ಬೀಗರು ದಂಡೆತ್ತಿ ಹೊರಟರು. ತಂದೆತಾಯಿಯರಿಗೆ ತನ್ನಿಂದ ಈ ಗತಿ ಬಂತಲ್ಲ ಎಂದು ಶಿಖಂಡಿನಿ ಪ್ರಾಣ ಬಿಡಲು ಕಾಡಿಗೆ ಹೋದಳು.

ಆ ಕಾಡಿನಲ್ಲಿ ಕುಬೇರನ ಸೇವಕನಾದ ಸ್ಥೂಣನೆಂಬ ಯಕ್ಷನ ಮನೆಯಿತ್ತು. ಕವಿ ಅದನ್ನು ಅವಸರವಿಲ್ಲದೆ ತೋರಿಸುತ್ತಾನೆ: ಸುಣ್ಣ ಬಳಿದ ಗೋಡೆ, ಎತ್ತರದ ಪ್ರಾಕಾರ, ತೋರಣವಿರುವ ಬಾಗಿಲು, ಅರಳಿನ ಹೊಗೆಯ ಪರಿಮಳ. ಶಿಖಂಡಿನಿ ಅಲ್ಲಿ ಉಪವಾಸ ಕುಳಿತು ಮೈ ಒಣಗಿಸಿಕೊಂಡಳು. ಜೇನುಬಣ್ಣದ ಕಣ್ಣಿನ ಯಕ್ಷ ಬಂದು ಏನು ಬೇಕೆಂದು ಕೇಳಿದ. ನಿನ್ನಿಂದ ಆಗದು ಎಂದಳು. ಕೊಡಬಾರದ್ದನ್ನೂ ಕೊಡುತ್ತೇನೆ, ಹೇಳು ಎಂದ. ಎಲ್ಲವನ್ನೂ ಕೇಳಿದ ಮೇಲೆ ತನ್ನ ಗಂಡುತನವನ್ನು ಕೆಲವು ಕಾಲದ ಮಟ್ಟಿಗೆ ಕೊಡಲು ಒಪ್ಪಿದ. ಗಡುವು ತೀರಿದೊಡನೆ ತಂದು ಒಪ್ಪಿಸಬೇಕು, ಅಲ್ಲಿಯವರೆಗೆ ಅವಳ ಹೆಣ್ಣುತನವನ್ನು ತಾನು ಹೊತ್ತಿರುತ್ತೇನೆ ಎಂಬುದು ಷರತ್ತು. ಒಬ್ಬರಿಗೊಬ್ಬರು ದ್ರೋಹ ಬಗೆಯೆವೆಂದು ಮಾತು ಕೊಟ್ಟುಕೊಂಡು ಇಬ್ಬರೂ ರೂಪವನ್ನು ಅದಲುಬದಲು ಮಾಡಿಕೊಂಡರು. ವಿಧಿ ಎಂದರೆ ಇಷ್ಟೇ, ಹೋಮವಿಲ್ಲ, ಜ್ವಾಲೆಯಿಲ್ಲ. ನೆರೆಮನೆಯಿಂದ ಒಡವೆಯನ್ನು ಕಡ ತಂದು ಮದುವೆಗೆ ಹೋದ ಹಾಗೆ ಶಿಖಂಡಿ ಊರಿಗೆ ಹೋದ.

ಆಮೇಲಿನದನ್ನು ಗಮನಿಸಿ. ಹಿರಣ್ಯವರ್ಮ ನಿಜ ತಿಳಿಯಲು ಚೆಲುವೆಯರನ್ನು ಕಳುಹಿಸಿ ಪರೀಕ್ಷೆ ಮಾಡಿಸುತ್ತಾನೆ, ಸಮಾಧಾನಗೊಂಡು ಅಳಿಯನಿಗೆ ಆನೆ ಕುದುರೆಗಳನ್ನು ಕೊಟ್ಟು, ಸುಳ್ಳು ಹೇಳಿದಳೆಂದು ತನ್ನ ಮಗಳನ್ನೇ ಬೈದು ಹೋಗುತ್ತಾನೆ. (ನಿಜ ಹೇಳಿದವಳು ಬೈಸಿಕೊಂಡಳು ಎಂಬುದನ್ನು ಯಾರೂ ಎತ್ತಿ ಆಡುವುದಿಲ್ಲ. ನಿಮ್ಮ ಕಾದಂಬರಿಯಲ್ಲಾದರೂ ಆ ಹುಡುಗಿಗೆ ಒಂದು ಅಧ್ಯಾಯ ಸಿಗಲಿ.) ಅತ್ತ ಕುಬೇರ ಆ ಕಾಡಿಗೆ ಬಂದಾಗ ಸ್ಥೂಣ ನಾಚಿ ಹೊರಗೆ ಬರಲಿಲ್ಲ. ಯಕ್ಷಕುಲಕ್ಕೆ ಅವಮಾನವಾಯಿತೆಂದು ಕುಬೇರ ಸಿಟ್ಟಾಗಿ, ನೀನು ಹೀಗೆಯೇ ಇರು ಎಂದು ಶಪಿಸಿದ. ಉಳಿದ ಯಕ್ಷರು ಬೇಡಿಕೊಂಡ ಮೇಲೆ, ಶಿಖಂಡಿ ಸಾಯುವವರೆಗೆ ಮಾತ್ರ ಎಂದು ಶಾಪವನ್ನು ಸಡಿಲಿಸಿದ. ಇದೊಂದೂ ತಿಳಿಯದ ಶಿಖಂಡಿ ಗಡುವಿಗೆ ಸರಿಯಾಗಿ ಕಾಡಿಗೆ ಬಂದು, ಇದೋ ಬಂದಿದ್ದೇನೆ ಎಂದು ನಿಂತ.

ನನ್ನ ಮಟ್ಟಿಗೆ ಕತೆಯ ಮಾಂತ್ರಿಕ ಗಳಿಗೆ ಇದೇ. ಜೀವವನ್ನೂ ರಾಜ್ಯವನ್ನೂ ಉಳಿಸಿದ ದೇಹವನ್ನು ಮರಳಿ ಕೊಡಲು ಅವನು ನಡೆದು ಬಂದಿದ್ದಾನೆ. ಕೊಟ್ಟವನ ಸ್ಥಿತಿ ನೋಡಿದರೆ ವಾಪಸು ಪಡೆಯುವ ಹಾಗಿಲ್ಲ, ಆದರೂ ಬಂದದ್ದಕ್ಕೆ ಅವನು ಮೆಚ್ಚಿಕೊಳ್ಳುತ್ತಾನೆ. ನಿಮ್ಮ 12 ಪುಟಗಳಲ್ಲಿ ಹೊಗೆ ಬೇಕಾದಷ್ಟಿದೆ. ರಾಜಕುಮಾರಿ ಯಾರಿಂದ ಏನು ಪಡೆದಳು, ಪ್ರತಿಯಾಗಿ ಏನು ಕೊಟ್ಟಳು, ಯಾರಿಗೆ ಋಣಿಯಾದಳು ಎಂಬುದಿಲ್ಲ. ಜ್ವಾಲೆಯ ಬಣ್ಣ ಒಂದೇ ಸಾಲಿನಲ್ಲಿರಲಿ, ಪುಟಗಳು ಋಣಕ್ಕೆ ಹೋಗಲಿ.

ಪ್ರಶ್ನೆ: ಸ್ಥೂಣನ ಗತಿ ಕೊನೆಗೆ ಏನಾಯಿತು?
(ಓದುಗರು, ಧಾರವಾಡ)

ಉತ್ತರ: ಶಾಪದ ಮಾತಿನಂತೆ ಅವನಿಗೆ ಗಂಡುರೂಪ ಮರಳಬೇಕಾದದ್ದು ಶಿಖಂಡಿ ಸತ್ತಾಗ. ಯುದ್ಧ ಮುಗಿದ ರಾತ್ರಿ ಪಾಂಡವರ ಬಿಡಾರಕ್ಕೆ ನುಗ್ಗಿದ ಅಶ್ವತ್ಥಾಮ ಶಿಖಂಡಿಯನ್ನು ಕೊಂದ. ಕಾಡಿನ ಆ ಸುಣ್ಣದ ಗೋಡೆಯ ಮನೆಯಲ್ಲಿ ಅದೇ ರಾತ್ರಿ ಏನಾಗಿರಬಹುದು ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಪ್ರಶ್ನೆ: ವಿಧಿ ಮುಗಿದ ಮೇಲೆ ಲೋಕ ಅವನನ್ನು ಗಂಡೆಂದು ಒಪ್ಪಿತೇ?
(ಓದುಗರು, ಮಂಗಳೂರು)

ಉತ್ತರ: ಬಹುಪಾಲು ಒಪ್ಪಿತು. ದ್ರೋಣ ಅವನಿಗೆ ಬಿಲ್ವಿದ್ಯೆ ಕಲಿಸಿದ, ಕುರುಕ್ಷೇತ್ರದಲ್ಲಿ ಅವನು ಮಹಾರಥರ ಸಾಲಿನಲ್ಲಿ ನಿಂತ. ಒಪ್ಪದವನು ಭೀಷ್ಮನೊಬ್ಬ. ಅವನಿಗೆ ಹಳೆಯದೆಲ್ಲ ತಿಳಿದದ್ದು ಹೇಗೆಂದರೆ, ಕುರುಡರಂತೆ, ಕಿವುಡರಂತೆ, ಪೆದ್ದರಂತೆ ನಟಿಸುವ ಗೂಢಚಾರರನ್ನು ಅವನು ದ್ರುಪದನ ಆಸ್ಥಾನದಲ್ಲಿ ಇರಿಸಿದ್ದ. ಹೆಣ್ಣಿನ ಮೇಲೆ, ಮೊದಲು ಹೆಣ್ಣಾಗಿದ್ದವರ ಮೇಲೆ, ಹೆಣ್ಣಿನ ಹೆಸರಿನವರ ಮೇಲೆ, ಹೆಣ್ಣಿನ ರೂಪದವರ ಮೇಲೆ ಬಾಣ ಬಿಡುವುದಿಲ್ಲವೆಂಬುದು ಅವನ ವ್ರತ. ಆ ಪಟ್ಟಿಯಲ್ಲಿ ‘ಮೊದಲು ಹೆಣ್ಣಾಗಿದ್ದವರು’ ಎಂಬ ಮಾತೊಂದು ಇದ್ದುದರಿಂದಲೇ ಅವನು 10ನೆಯ ದಿನ ಶಿಖಂಡಿಯ ಮುಂದೆ ಬಿಲ್ಲೆತ್ತದೆ ಬಿದ್ದ. ದೇಹ ಬದಲಾದರೂ ದಾಖಲೆ ಬದಲಾಗದು ಎಂದು ಹಟ ಹಿಡಿದವನನ್ನು ಆ ದಾಖಲೆಯೇ ಕೊಂದಿತು ಎನ್ನಬಹುದು. ಕಚೇರಿಗಳಲ್ಲಿ ಹೆಸರು, ಲಿಂಗದ ಕಾಲಂ ತಿದ್ದಿಸಲು ಅಲೆದವರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ.

ಭಾಗವತದ ಸುದ್ಯುಮ್ನನ ಕತೆ ಇನ್ನೂ ಖಾರವಾಗಿದೆ. ಮನು ಮಗನಿಗಾಗಿ ಯಾಗ ಮಾಡಿಸುತ್ತಿದ್ದಾಗ, ಬರಿಯ ಹಾಲು ಕುಡಿದು ವ್ರತದಲ್ಲಿದ್ದ ರಾಣಿ ಶ್ರದ್ಧೆ ಹೋತೃವಿನ ಬಳಿ ಮಗಳು ಬೇಕೆಂದಳು. ಅವನು ಅದನ್ನೇ ಮನಸ್ಸಿನಲ್ಲಿಟ್ಟು ಆಹುತಿಗೆ ಮಂತ್ರ ಹೇಳಿದ್ದರಿಂದ ಇಳೆ ಎಂಬ ಮಗಳು ಹುಟ್ಟಿದಳು. ಮನುವಿಗೆ ಬೇಸರವಾದ್ದರಿಂದ ವಸಿಷ್ಠರು ಅವಳನ್ನು ಸುದ್ಯುಮ್ನನನ್ನಾಗಿ ಮಾಡಿದರು. ಬೆಳೆದ ಸುದ್ಯುಮ್ನ ಬೇಟೆಗೆಂದು ಶಿವನ ವಿಹಾರದ ವನಕ್ಕೆ ಹೊಕ್ಕು ಹೆಣ್ಣಾದ. ಏರಿದ್ದ ಕುದುರೆಯೂ ಹೆಣ್ಣುಕುದುರೆಯಾಯಿತು. ಕೊನೆಗೆ ತಿಂಗಳು ಬಿಟ್ಟು ತಿಂಗಳು ಗಂಡಾಗಿ ರಾಜ್ಯವಾಳಿದರೂ ಪ್ರಜೆಗಳು ಅವನನ್ನು ಮೆಚ್ಚಲಿಲ್ಲ ಎಂದು ಪುರಾಣ ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತದೆ.

ರಾಮಾಯಣದ ಉತ್ತರಕಾಂಡದಲ್ಲಿ ಇದೇ ಕತೆಗೆ ಮರೆವು ಸೇರಿಕೊಂಡಿದೆ. ಗಂಡಾಗಿರುವ ತಿಂಗಳು ಹೆಣ್ಣಾಗಿದ್ದುದು ನೆನಪಿರುವುದಿಲ್ಲ, ಹೆಣ್ಣಾಗಿರುವ ತಿಂಗಳು ಗಂಡಾಗಿದ್ದುದು ನೆನಪಿರುವುದಿಲ್ಲ. ಎಚ್ಚರಗೊಂಡು ತನ್ನ ಸೈನ್ಯವೆಲ್ಲಿ ಎಂದು ಕೇಳಿದ ರಾಜನಿಗೆ ಬುಧ, ಕಲ್ಲಿನ ಮಳೆಗೆ ನಿನ್ನವರೆಲ್ಲ ಸತ್ತರು, ನೀನು ಗಾಳಿಮಳೆಗೆ ಹೆದರಿ ಈ ಆಶ್ರಮದಲ್ಲಿ ಮಲಗಿದ್ದೆ ಎಂದು ಸುಳ್ಳು ಹೇಳುತ್ತಾನೆ. ಹಿಂದಿನ ತಿಂಗಳು ಇದೇ ರಾಜನ ಹೆಣ್ಣುರೂಪದ ಗಂಡನಾಗಿದ್ದವನು ಈ ಮಾತು ಹೇಳುವ ಮುಖವನ್ನು ಊಹಿಸಿಕೊಳ್ಳಿ. 9ನೆಯ ತಿಂಗಳಲ್ಲಿ ಪುರೂರವ ಹುಟ್ಟಿದ. ನಡುವಿನ ಗಂಡುತಿಂಗಳುಗಳಲ್ಲಿ ಬಸಿರು ಎಲ್ಲಿತ್ತು ಎಂದು ಕೇಳುವ ತಂಟೆಗೆ ಋಷಿಗಳು ಹೋಗಿಲ್ಲ, ನಾವೂ ಹೋಗುವುದು ಬೇಡ.

ಪ್ರಶ್ನೆ: ಪುರಾಣಗಳಲ್ಲಿ ಹೆಣ್ಣು ಗಂಡಾದರೆ ವರ, ಗಂಡು ಹೆಣ್ಣಾದರೆ ಶಾಪ. ಇದಕ್ಕೆ ಅಪವಾದವೇ ಇಲ್ಲವೇ?
(ಓದುಗರು, ಬೆಂಗಳೂರು)

ಉತ್ತರ: ಒಂದು ಒಳ್ಳೆಯ ಅಪವಾದವಿದೆ, ಮಹಾಭಾರತದ ಅನುಶಾಸನಪರ್ವದ ಭಂಗಾಸ್ವನನ ಕತೆ. ಕುಮಾರವ್ಯಾಸ 10 ಪರ್ವಗಳಿಗೇ ನಿಲ್ಲಿಸಿದ್ದರಿಂದ ಗದುಗಿನ ಭಾರತ ಕೇಳಿ ಬೆಳೆದ ನಮ್ಮಲ್ಲಿ ಅನೇಕರಿಗೆ ಇದು ಅಪರಿಚಿತ. 100 ಮಕ್ಕಳ ತಂದೆಯಾದ ಈ ರಾಜ ಇಂದ್ರನಿಗೆ ಹಿಡಿಸದ ಯಾಗ ಮಾಡಿದ್ದ. ಇಂದ್ರ ಬೇಟೆಯಲ್ಲಿ ಅವನಿಗೆ ದಾರಿ ತಪ್ಪಿಸಿದ. ಬಾಯಾರಿದ ರಾಜ ಕೊಳವೊಂದನ್ನು ಕಂಡು, ಮೊದಲು ಕುದುರೆಗೆ ನೀರು ಕುಡಿಸಿ ಮರಕ್ಕೆ ಕಟ್ಟಿ, ತಾನು ಮಿಂದು ಹೆಣ್ಣಾಗಿ ಎದ್ದ. ನಾಚಿಕೆಯಿಂದ ಊರಿಗೆ ಹೋಗಿ ರಾಜ್ಯವನ್ನು ಮಕ್ಕಳಿಗೊಪ್ಪಿಸಿ, ಕಾಡಿನಲ್ಲಿ ತಪಸ್ವಿಯೊಬ್ಬನೊಡನೆ ಬಾಳಿ ಮತ್ತೆ 100 ಮಕ್ಕಳನ್ನು ಹೆತ್ತಳು. ಇಂದ್ರ ಎರಡು ಗುಂಪಿಗೂ ಜಗಳ ಹಚ್ಚಿ ಎಲ್ಲರನ್ನೂ ಸಾಯಿಸಿದ. ಕೊನೆಗೆ ಕರಗಿ, ಯಾವ ಮಕ್ಕಳು ಬದುಕಲಿ ಎಂದು ಕೇಳಿದಾಗ ಅವಳು ತಾನು ಹೆತ್ತವರನ್ನು ಆರಿಸಿದಳು. ಮೆಚ್ಚಿ ಎಲ್ಲರನ್ನೂ ಬದುಕಿಸಿದ ಇಂದ್ರ, ಇನ್ನು ಗಂಡಾಗಬಹುದು ಎಂದ. ಹೆಣ್ಣಾಗಿಯೇ ಇರುತ್ತೇನೆ, ಕೂಟದ ಸುಖ ಹೆಣ್ಣಿಗೇ ಹೆಚ್ಚು ಎಂದಳು. ಗ್ರೀಕರ ಟೈರೀಸಿಯಸ್ ಕೂಡ ಇದನ್ನೇ ಹೇಳಿದ. ಆದರೆ ಅವನಿಗೆ ಸಿಕ್ಕಿದ್ದು ಸಿಟ್ಟಿಗೆದ್ದ ದೇವಿಯಿಂದ ಕುರುಡು.

ಈ ಕತೆಯನ್ನು ಧರ್ಮರಾಯನಿಗೆ ಹೇಳುವವನು ಯಾರು ಗೊತ್ತೇ? ಶಿಖಂಡಿಯನ್ನು ಕೊನೆಗೂ ಗಂಡೆಂದು ಒಪ್ಪದೆ ಬಾಣಗಳ ಮೇಲೆ ಮಲಗಿರುವ ಭೀಷ್ಮ.

ಪ್ರಶ್ನೆ: ಬರೆಯುವಾಗ ‘ಅವನು’ ಯಾವಾಗ ‘ಅವಳು’ ಆಗಬೇಕು? ಹಾಗೆಯೇ, ಇಂಥ ವಿಧಿ ಕಲ್ಪನೆಯಲ್ಲಿ ಮಾತ್ರವಿದೆಯೇ, ನಮ್ಮ ನಾಡಿನಲ್ಲಿಯೂ ಇದೆಯೇ?
(ಓದುಗರು, ಹೊಸಪೇಟೆ)

ಉತ್ತರ: ಎರಡನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ. ನಿಮ್ಮ ಊರಿನ ಪಕ್ಕದ ಹುಲಿಗೆಮ್ಮನ ಗುಡಿಯಲ್ಲಿಯೂ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿಯೂ ಜೋಗಪ್ಪಂದಿರ ದೀಕ್ಷೆಯನ್ನು ಜನ ಬಹುಕಾಲದಿಂದ ಬಲ್ಲರು. ದೇವಿ ಹಿಡಿದಳೆಂದು ನಂಬಿದವರಿಗೆ ಕೆಂಪುಬಿಳಿ ಮಣಿಯ ಮುತ್ತು ಕಟ್ಟುತ್ತಾರೆ. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರಿಗೆ ದೀಕ್ಷೆಯಾದದ್ದು ಹುಲಿಗಿಯಲ್ಲಿಯೇ. ಅಂದು ಸೊಂಟದ ಉಡಿದಾರವನ್ನು ಕತ್ತರಿಸಿ, ಲಂಗ, ರವಿಕೆ, ಬಳೆಗಳನ್ನು ತೊಡಿಸಿ, ತಾಳಿ ಕಟ್ಟಿದರು. ಹಲವು ಸಮುದಾಯಗಳಲ್ಲಿ ಗಂಡಸಿನ ಉಡಿದಾರ ತೆಗೆಯುವುದು ಅವನು ಸತ್ತಾಗ ಎಂಬುದನ್ನು ಬಲ್ಲವರಿಗೆ ಆ ಕತ್ತರಿಯ ಸದ್ದು ಏನೆಂದು ಅರ್ಥವಾಗುತ್ತದೆ. ಇಲ್ಲಿ ಮಂತ್ರದಿಂದ ದೇಹ ಬದಲಾಗುವುದಿಲ್ಲ. ಊರು ಕರೆಯುವ ರೀತಿ ಬದಲಾಗುತ್ತದೆ, ಹಲವರಿಗೆ ಮನೆಯ ಬಾಗಿಲು ಮುಚ್ಚುತ್ತದೆ. ಒಂದು ಎಚ್ಚರಿಕೆ: ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವುದನ್ನು ಕರ್ನಾಟಕ 1982ರ ಕಾನೂನಿನಿಂದ ನಿಷೇಧಿಸಿದೆ. ಆದ್ದರಿಂದ ಮುತ್ತಿನ ಮಣಿಯನ್ನು ಬರಿಯ ಅಲಂಕಾರವಾಗಿ ಕತೆಗೆ ತರಬೇಡಿ. ಅಂದ ಹಾಗೆ, ಅಂಬೆಗಾಗಿ ಭೀಷ್ಮನೊಡನೆ 23 ದಿನ ಕಾದಿದ ಪರಶುರಾಮ ಈ ಎಲ್ಲಮ್ಮನ ಮಗನೇ.

ಇನ್ನು ಸರ್ವನಾಮದ ಮಾತು. ಈ ವಿಷಯದಲ್ಲಿ ಕನ್ನಡ ಬರಹಗಾರರು ಅದೃಷ್ಟವಂತರು. ‘ನಾನು ಬಂದೆ’, ‘ನೀನು ಬಂದೆ’, ‘ಅವರು ಬಂದರು’ ಎಂಬಲ್ಲಿ ಗಂಡುಹೆಣ್ಣಿನ ಭೇದವಿಲ್ಲ. ‘ಮಗು ಅತ್ತಿತು’, ‘ಕೂಸು ನಕ್ಕಿತು’ ಎಂದರೂ ಇಲ್ಲ. ಹಾಗಾಗಿ ಶಿಖಂಡಿಯ ಬಾಲ್ಯವನ್ನು ಒಂದು ಸುಳ್ಳೂ ಹೇಳದೆ ಬರೆದು ಮುಗಿಸಬಹುದು. ಭೇದ ಇರುವುದು ‘ಬಂದನು’, ‘ಬಂದಳು’ ಎಂಬಂಥ ವಾಕ್ಯದ ಕೊನೆಯ ಕ್ರಿಯಾಪದದಲ್ಲಿ. ನಡುವಿನ ‘ಇಳಿದು’, ‘ಮುಳುಗಿ’, ‘ಎದ್ದು’ಗಳಿಗೆ ಲಿಂಗವಿಲ್ಲ. ಭಂಗಾಸ್ವನನ ಸ್ನಾನವನ್ನು ಹೀಗೆ ಬರೆದು ನೋಡಿ: “ರಾಜನು ಕುದುರೆಯನ್ನು ಮರಕ್ಕೆ ಕಟ್ಟಿ, ಮೈಮೇಲಿನ ಬಟ್ಟೆ ಕಳಚಿ, ತಣ್ಣನೆಯ ನೀರಿಗಿಳಿದು, ಉಸಿರು ಹಿಡಿದು ಮುಳುಗಿ, ಎದ್ದು, ಕಣ್ಣಿಗಿಳಿದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು ದಡ ಹತ್ತಿ ನಿಂತಳು.” ಯಾವ ಪದದ ಬಳಿ ಬದಲಾದದ್ದು ಎಂದು ಓದುಗರು ಹಿಂತಿರುಗಿ ಹುಡುಕುತ್ತಾರೆ, ಸಿಗುವುದಿಲ್ಲ.

ಆದರೆ ನಿಮ್ಮ ಪಾತ್ರ ವಿಧಿಗೆ ಮೊದಲೇ ತನ್ನನ್ನು ಹೆಣ್ಣೆಂದು ಬಲ್ಲವಳಾಗಿದ್ದರೆ ಈ ಉಪಾಯ ಸಲ್ಲದು. ಆಗ ಕತೆ ಹೇಳುವ ದನಿ ಮೊದಲ ಪುಟದಿಂದಲೇ ‘ಅವಳು’ ಎನ್ನಬೇಕು. ‘ಅವನು’ ಎನ್ನುವುದು ಸುತ್ತಲಿನವರ ಬಾಯಲ್ಲಿ ಮಾತ್ರ ಇರಲಿ, ವಿಧಿಯ ನಂತರ ಒಬ್ಬೊಬ್ಬರೇ ತಿದ್ದಿಕೊಳ್ಳಲಿ. ತಾಯಿ ಮೊದಲು ತಿದ್ದಿಕೊಳ್ಳುತ್ತಾಳೋ ಕೊನೆಗೋ ಎಂಬುದನ್ನು ನೀವು ನಿರ್ಧರಿಸಬೇಕು. ಹಸ್ತಪ್ರತಿ ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುವವರಿಗೆ ಒಂದು ಚೀಟಿ ಬರೆದಿಡಿ. ಇಲ್ಲವಾದರೆ ‘ರಾಜನು ನಿಂತಳು’ ಎಂಬುದನ್ನು ಅವರು ಅಚ್ಚಿನ ದೋಷವೆಂದು ತಿಳಿದು ‘ನಿಂತನು’ ಎಂದು ಮಾಡಿಬಿಡುತ್ತಾರೆ.